ದುಡಿಯುವವರ ಓದು

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?" ಎಂಬ ಗಾದೆಯು ತಂದೆತಾಯಿಗಳನ್ನು ಎಚ್ಚರಿಸುವುದಕ್ಕಾಗಿ ಹುಟ್ಟಿದ ಮಾತೇ ಹೊರತು, ದೊಡ್ಡವರ ಕೈಯಿಂದ ಪುಸ್ತಕವನ್ನು ಕಸಿದುಕೊಳ್ಳುವುದಕ್ಕಾಗಿ ಹುಟ್ಟಿದುದಲ್ಲ. ಆದರೂ ನಮ್ಮ ಮನೆಗಳಲ್ಲಿ ಅದು ಎರಡನೆಯ ಕೆಲಸಕ್ಕೇ ಹೆಚ್ಚಾಗಿ ಉಪಯೋಗವಾಗುತ್ತಿರುವುದು. ನಲವತ್ತರ ಹತ್ತಿರಕ್ಕೆ ಬಂದವರು ಯಾರಾದರೂ ಓದಲು ಕುಳಿತರೆಂದರೆ, ಪಕ್ಕದಲ್ಲಿದ್ದವರು ಒಂದು ನಗೆಯನ್ನು ನಕ್ಕು ಈ ಗಾದೆಯನ್ನು ಹೇಳಿಬಿಡುವರು. ಮುದಿಮರವು ಬಗ್ಗದಿರಬಹುದು, ಒಪ್ಪಿದೆವು. ಆದರೆ ಮಳೆ ಬಿದ್ದರೆ ಚಿಗುರದೆ ಇರುವುದೇ? ಈ ಚಿಗುರಿನ ಮಾತನ್ನೇ ನಾವು ಈ ತಿಂಗಳು ವಾಚಕರೊಡನೆ ಆಡಬೇಕೆಂದಿರುವೆವು.

ಹಿಂದಿನವರಿಗೆ ಒಂದು ಅನುಕೂಲವಿದ್ದಿತು. ಇಪ್ಪತ್ತನೆಯ ವಯಸ್ಸಿನಲ್ಲಿ ಕಲಿತ ವಿದ್ಯೆಯು ಪಿಂಚಣಿಯ ದಿನದವರೆಗೆ ಕೈಹಿಡಿದು ನಡೆಸುತ್ತಿದ್ದಿತು. ಈಗ ಹಾಗಲ್ಲ. ಲೆಕ್ಕ ಬರೆಯುವವರ ಕಸುಬನ್ನೇ ನೋಡಿರಿ. ಕೆಂಪು ಬಟ್ಟೆಯ ಖಾತೆಪುಸ್ತಕದಲ್ಲಿ ಜಮಾ ಖರ್ಚು ಬರೆಯುತ್ತಿದ್ದವರು ಕಂಪ್ಯೂಟರಿನ ಮುಂದೆ ಕುಳಿತರು. ಅದು ಅಭ್ಯಾಸವಾಗುವ ಹೊತ್ತಿಗೆ 2017ನೆಯ ಜುಲೈ ಒಂದರಿಂದ ಸರಕು ಮತ್ತು ಸೇವಾ ತೆರಿಗೆ ಬಂದಿತು. ಮಾರಾಟ ತೆರಿಗೆಯ ನಿಯಮಗಳನ್ನು ಬಾಯಿಪಾಠ ಮಾಡಿದ್ದವರೆಲ್ಲರೂ ಒಂದೇ ಬೆಳಗಿನಲ್ಲಿ ಮತ್ತೆ ಒಂದನೆಯ ತರಗತಿಯ ಮಕ್ಕಳಾದರು. ಮಿಕ್ಕ ಕಸುಬುಗಳವರ ಪಾಡೂ ಇದಕ್ಕಿಂತ ಬಹಳ ಬೇರೆಯಲ್ಲ. ಕೆಲಸವನ್ನು ಬಿಟ್ಟು ಕಾಲೇಜಿಗೆ ಹೋಗೋಣವೆಂದರೆ ಸಂಸಾರವು ನಡೆಯದು. ಹೊಸದನ್ನು ಕಲಿಯದೆ ಇರೋಣವೆಂದರೆ ಕೆಲಸವು ಉಳಿಯದು.

ಈ ಇಕ್ಕಟ್ಟಿಗೆ ಪರಿಹಾರವನ್ನು ಹುಡುಕಿದವರು ಇಂದಿನವರಷ್ಟೇ ಅಲ್ಲ. ಇಂಗ್ಲೆಂಡಿನಲ್ಲಿ 1840ರಲ್ಲಿ ಒಂದು ಪೆನ್ನಿಯ ಅಂಚೆ ಏರ್ಪಟ್ಟಾಗ, ಐಸಾಕ್ ಪಿಟ್ಮನ್ ಎಂಬವರು ಶೀಘ್ರಲಿಪಿಯ ಪಾಠಗಳನ್ನು ಅಂಚೆಯ ಮೂಲಕವೇ ಕಲಿಸತೊಡಗಿದರು. ನಮ್ಮ ನಾಡಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಅಂಚೆ ತೆರಪಿನ ಶಿಕ್ಷಣವನ್ನು ಆರಂಭಿಸಿತು; ಅದೇ ಮುಂದೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ಹಗಲು ದುಡಿದು ರಾತ್ರಿ ಓದಿ ಪದವೀಧರರಾದವರು ನಮ್ಮ ಬೀದಿಬೀದಿಗಳಲ್ಲಿಯೂ ಇರುವರು. ಇಂದಿನ ಆನ್‌ಲೈನ್ ಕೋರ್ಸು ಎಂಬುದು ಈ ವಂಶದ ಕಿರಿಯ ಮಗುವೇ ಸರಿ. ಅಂಚೆಯವನ ಚೀಲದಲ್ಲಿ ಬರುತ್ತಿದ್ದ ಪಾಠವು ಈಗ ಅಂಗೈಯಲ್ಲಿರುವ ಫೋನಿಗೆ ಬರುತ್ತಿರುವುದು.

ನಮ್ಮ ದೇಶದಲ್ಲಿಯೇ ಇದಕ್ಕೆ ಒಳ್ಳೆಯ ಏರ್ಪಾಡುಗಳುಂಟು. ಏಳು ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 2003ರಲ್ಲಿ ಎನ್‌ಪಿಟಿಇಎಲ್ ಎಂಬ ಯೋಜನೆಯನ್ನು ಕೈಗೊಂಡವು. 2014ರಿಂದ ಅದು ಪರೀಕ್ಷೆ ನಡೆಸಿ ಪ್ರಮಾಣಪತ್ರವನ್ನೂ ಕೊಡತೊಡಗಿತು. ಕೇಂದ್ರ ಸರಕಾರದ 'ಸ್ವಯಂ' ಎಂಬ ಏರ್ಪಾಡು 2017ರ ಜುಲೈಯಲ್ಲಿ ಬಂದಿತು. ಪಾಠಕ್ಕೆ ಸೇರುವುದಕ್ಕೂ ಕೇಳುವುದಕ್ಕೂ ಇಲ್ಲಿ ಶುಲ್ಕವಿಲ್ಲ. ಪ್ರಮಾಣಪತ್ರ ಬೇಕೆಂದವರು ಮಾತ್ರ ಪರೀಕ್ಷೆಯ ಹಣವನ್ನು ಕಟ್ಟಬೇಕು. ಎನ್‌ಪಿಟಿಇಎಲ್‌ನ ಪಾಠಗಳು ಸಾಮಾನ್ಯವಾಗಿ ನಾಲ್ಕು, ಎಂಟು ಅಥವಾ ಹನ್ನೆರಡು ವಾರಗಳವು. ವಾರವಾರವೂ ಪಾಠ, ವಾರವಾರವೂ ಅಭ್ಯಾಸ. ಅಭ್ಯಾಸಕ್ಕೆ 25 ಅಂಕ, ಕೇಂದ್ರವೊಂದಕ್ಕೆ ಹೋಗಿ ಮೇಲ್ವಿಚಾರಕರ ಎದುರಿಗೆ ಕುಳಿತು ಬರೆಯುವ ಪರೀಕ್ಷೆಗೆ 75 ಅಂಕ. ಮೊದಲನೆಯದರಲ್ಲಿ ಹತ್ತು, ಎರಡನೆಯದರಲ್ಲಿ ಮೂವತ್ತು ಬಂದರೆ ತೇರ್ಗಡೆ.

ಇಷ್ಟು ಸುಲಭವಾದ ಮೇಲೆ ದುಡಿಯುವವರೆಲ್ಲರೂ ಪಂಡಿತರಾಗಬೇಕಾಗಿತ್ತಲ್ಲವೆ? ಹಾಗೇಕೆ ಆಗಲಿಲ್ಲ? ಅಮೆರಿಕದ ಹಾರ್ವರ್ಡ್ ಮತ್ತು ಎಂಐಟಿ ವಿದ್ಯಾಸಂಸ್ಥೆಗಳ ಆನ್‌ಲೈನ್ ಪಾಠಗಳನ್ನು ಕುರಿತು ಇಬ್ಬರು ಸಂಶೋಧಕರು 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಲೆಕ್ಕವನ್ನು ಪ್ರಕಟಿಸಿದರು. 2017-18ನೆಯ ಸಾಲಿನಲ್ಲಿ ಪಾಠಕ್ಕೆ ಸೇರಿದವರಲ್ಲಿ ಕೊನೆಯವರೆಗೆ ಹೋದವರು ನೂರಕ್ಕೆ ಸುಮಾರು ಮೂವರು! ಆದರೆ ಹಣ ಕಟ್ಟಿ ಪ್ರಮಾಣಪತ್ರಕ್ಕೆಂದೇ ಹೆಸರು ಬರೆಸಿದವರಲ್ಲಿ ನೂರಕ್ಕೆ 46 ಮಂದಿ ಮುಗಿಸಿದ್ದರು. ಹಣ ಕಟ್ಟಿದವರು ಮೊದಲೇ ದೃಢಮನಸ್ಸಿನವರಾಗಿದ್ದಿರಬಹುದು. ಕಟ್ಟಿದ ಹಣವು ವ್ಯರ್ಥವಾಗಬಾರದೆಂಬ ಕಳವಳವೂ ಅವರನ್ನು ಮುಂದಕ್ಕೆ ತಳ್ಳಿರಬಹುದು. ಅದೇನೇ ಇರಲಿ, ಆರಂಭಶೂರತ್ವವು ನಮ್ಮ ದೇಶದವರ ಸೊತ್ತು ಮಾತ್ರವಲ್ಲವೆಂಬುದು ಇದರಿಂದ ತಿಳಿದುಬರುವುದು.

ಇದಕ್ಕೆ ಎಲ್ಲರೂ ಸೋಮಾರಿತನವನ್ನು ಕಾರಣವೆನ್ನುವರು. ನಮಗೆ ಹಾಗೆ ತೋರುವುದಿಲ್ಲ. ಆನ್‌ಲೈನ್ ಪಾಠವು ಶಾಲೆಯನ್ನು ಮನೆಯೊಳಕ್ಕೆ ತಂದಿತು, ನಿಜ; ಆದರೆ ಶಾಲೆಯ ಗೋಡೆಗಳನ್ನು ಮಾತ್ರ ತರಲಿಲ್ಲ. ಶಾಲೆಯಲ್ಲಿ ಕುಳಿತ ಹುಡುಗನನ್ನು "ಒಂದು ಕೊತ್ತಂಬರಿ ಕಟ್ಟು ತಂದುಕೊಡು" ಎಂದು ಯಾರೂ ಎಬ್ಬಿಸುವುದಿಲ್ಲ. ಮನೆಯಲ್ಲಿ ಫೋನನ್ನು ನೋಡುತ್ತಾ ಕುಳಿತವರನ್ನು ಎಲ್ಲರೂ ಎಬ್ಬಿಸಬಹುದು. ಅವರು ಓದುತ್ತಿರುವರೋ ವಿನೋದವನ್ನು ನೋಡುತ್ತಿರುವರೋ ಹೊರಗಿನಿಂದ ಕಾಣುವುದೂ ಇಲ್ಲ. ಆದುದರಿಂದ ಈ ಓದಿನ ನಿಜವಾದ ಶುಲ್ಕವೆಂದರೆ ದಿನಕ್ಕೊಂದು ಗಂಟೆ. ಆ ಗಂಟೆಯು ಓದುವವರ ಸ್ವಂತ ಸೊತ್ತಲ್ಲ, ಮನೆಯವರೆಲ್ಲರ ಸೊತ್ತು. ಮನೆಯವರು ಅದನ್ನು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ನಮ್ಮ ಮನೆಯಲ್ಲಿಯೇ ಕಂಡುದನ್ನು ಹೇಳುವೆವು. ನಮ್ಮ ತಮ್ಮನ ಮಡದಿಯು ತುಮಕೂರಿನಲ್ಲಿ ಯಂತ್ರಗಳ ಬಿಡಿಭಾಗಗಳನ್ನು ತಯಾರಿಸುವ ಒಂದು ಚಿಕ್ಕ ಕಾರ್ಖಾನೆಯಲ್ಲಿ ಲೆಕ್ಕಪತ್ರವನ್ನು ನೋಡಿಕೊಳ್ಳುವಳು. ಬಿಕಾಂ ಮುಗಿಸಿ ಹದಿನಾಲ್ಕು ವರ್ಷಗಳಾಗಿದ್ದುವು. ತನಗಿಂತ ಹಿಂದೆ ಬಂದವರು ಮೇಲೇರುತ್ತಿರಲು ಆಕೆಯು ಮಾತ್ರ ಬಿಲ್ಲು ಬರೆಯುವ ಮೇಜಿನಲ್ಲಿಯೇ ಉಳಿದಿದ್ದಳು. "ಮನೆಯ ಜವಾಬ್ದಾರಿ ಇರುವ ಹೆಂಗಸಿಗೆ ಇದೇ ಅನುಕೂಲವಲ್ಲವೆ?" ಎಂಬುದು ಯಜಮಾನರ ವಿವೇಚನೆ. 2022ರಲ್ಲಿ ಆಕೆಯು ವೆಚ್ಚ ಲೆಕ್ಕಶಾಸ್ತ್ರವೆಂಬ ಹನ್ನೆರಡು ವಾರಗಳ ಪಾಠಕ್ಕೆ ಸೇರಿದಳು. ಸಾವಿರ ರೂಪಾಯಿಯ ಪರೀಕ್ಷಾಶುಲ್ಕವನ್ನೂ ಮೊದಲೇ ಕಟ್ಟಿಬಿಟ್ಟಳು.

ಮೊದಲ ಮೂರು ವಾರ ಅದೊಂದು ಯುದ್ಧವೇ ಆಯಿತು. ಕೆಲಸದಿಂದ ಬಂದು, ಅಡಿಗೆ ಮಾಡಿ, ಮಗನ ಮನೆಪಾಠವನ್ನು ನೋಡಿ, ಪಾತ್ರೆ ಎತ್ತಿಟ್ಟು, ಹನ್ನೊಂದು ಗಂಟೆಗೆ ಪಾಠವನ್ನು ಹಚ್ಚಿಕೊಂಡರೆ ಕಣ್ಣು ಮುಚ್ಚುವುದು. ಎರಡನೆಯ ವಾರದ ಅಭ್ಯಾಸವು ಕಳುಹಿಸದೆಯೇ ಹೋಯಿತು. "ಇಷ್ಟು ವಯಸ್ಸಾದ ಮೇಲೆ ಏತಕ್ಕಮ್ಮಾ ಈ ಉಸಾಬರಿ?" ಎಂದು ನಮ್ಮ ತಾಯಿಯವರು ಮರುಕದಿಂದಲೇ ಅಂದರು. ಸೊಸೆಯು ಸಿಟ್ಟಾಗಲಿಲ್ಲ. "ಅತ್ತೆ, ನೀವು ಓದು ಬಿಟ್ಟಾಗ ನಿಮಗೆಷ್ಟು ವಯಸ್ಸು?" ಎಂದು ಕೇಳಿದಳು.

ನಮ್ಮ ತಾಯಿಯವರು ಬಹಳ ಹೊತ್ತು ಸುಮ್ಮನಿದ್ದರು. ಅವರನ್ನು ಏಳನೆಯ ತರಗತಿಯಲ್ಲಿ ಬಿಡಿಸಿದ್ದರು. ಹಟ್ಟಿಯಲ್ಲಿ ಹಸುಗಳಿದ್ದುವು, ಮನೆಯಲ್ಲಿ ತಂಗಿ ತಮ್ಮಂದಿರಿದ್ದರು. ಲೆಕ್ಕದಲ್ಲಿ ತರಗತಿಗೇ ಮೊದಲಿಗಳಾಗಿದ್ದೆನೆಂದು ಅವರು ಆ ದಿನ ಹೇಳಿದುದನ್ನು ನಾವು ಅಷ್ಟು ವರ್ಷಗಳಲ್ಲಿ ಮೊದಲನೆಯ ಸಲ ಕೇಳಿದೆವು. ಮರುದಿನದಿಂದ ಎಂಟರಿಂದ ಒಂಬತ್ತರ ವರೆಗಿನ ಗಂಟೆಯು ಆ ಮನೆಯಲ್ಲಿ ಸೊಸೆಯದಾಯಿತು. ಆ ಹೊತ್ತಿನಲ್ಲಿ ಸಾರು ಅನ್ನಗಳನ್ನು ನಮ್ಮ ತಮ್ಮನು ನೋಡಿಕೊಳ್ಳಬೇಕೆಂದೂ, ಮಗನು ಅಜ್ಜಿಯ ಹತ್ತಿರ ಕುಳಿತು ಮಗ್ಗಿ ಒಪ್ಪಿಸಬೇಕೆಂದೂ ಆಜ್ಞೆಯಾಯಿತು. ತಮ್ಮನ ಸಾರು ಮೊದಮೊದಲು ನೀರಾಗಿದ್ದಿತೆಂಬುದೂ, ಕ್ರಮೇಣ ಉಣ್ಣುವಂತಾಯಿತೆಂಬುದೂ ಬೇರೆ ಮಾತು. ದಿನಕ್ಕೊಂದು ಗಂಟೆಯಂತೆ ವಾರಕ್ಕೆ ಆರು ದಿನ. ಹನಿಗೂಡಿ ಹಳ್ಳವಾದಂತೆ ಆಕೆಯ ಓದು ಕೂಡಿಬಂದಿತು. ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆದು ತೇರ್ಗಡೆಯೂ ಆದಳು.

ಆದರೆ ಕತೆ ಇಲ್ಲಿಗೆ ಮುಗಿಯಲಿಲ್ಲ. ಪ್ರಮಾಣಪತ್ರವನ್ನು ತೋರಿಸಿದಾಗ ಯಜಮಾನರು "ಸಂತೋಷ" ಎಂದು ಹೇಳಿ ಹಿಂದಕ್ಕೆ ಕೊಟ್ಟರು. ಸಂಬಳದಲ್ಲಿ ಒಂದು ರೂಪಾಯಿಯೂ ಏರಲಿಲ್ಲ. ಕೋರ್ಸುಗಳ ಜಾಹೀರಾತುಗಳಲ್ಲಿ ಈ ಪುಟವನ್ನು ಯಾರೂ ಅಚ್ಚುಹಾಕುವುದಿಲ್ಲ! ಆಕೆಯು ಎರಡು ದಿನ ಅತ್ತಳು. ಮೂರನೆಯ ದಿನ ಕಲಿತುದನ್ನು ಕೆಲಸಕ್ಕೆ ಹಚ್ಚಿದಳು. ಆ ಕಾರ್ಖಾನೆಯಲ್ಲಿ ಬಾಡಿಗೆ, ವಿದ್ಯುತ್ತು, ಯಂತ್ರಗಳ ಸವಕಳಿ ಮೊದಲಾದ ಮೇಲುಖರ್ಚನ್ನೆಲ್ಲ ತಯಾರಾದ ಬಿಡಿಭಾಗಗಳ ಸಂಖ್ಯೆಯಿಂದ ಭಾಗಿಸಿ, ಎಲ್ಲಕ್ಕೂ ಸಮನಾಗಿ ಹಂಚುವ ರೂಢಿ. ಈಕೆಯು ಯಾವ ಭಾಗವು ಯಂತ್ರದ ಮೇಲೆ ಎಷ್ಟು ಹೊತ್ತು ಇರುವುದೆಂದು ಬರೆದಿಟ್ಟು, ಖರ್ಚನ್ನು ಆ ಹೊತ್ತಿಗೆ ಸರಿಯಾಗಿ ಹಂಚಿ ನೋಡಿದಳು. ಎಲ್ಲಕ್ಕಿಂತ ಹೆಚ್ಚು ಮಾರಾಟವಾಗುತ್ತಿದ್ದ ಒಂದು ಚಿಕ್ಕ ಭಾಗವು ಯಂತ್ರವನ್ನು ಬಹಳ ಹೊತ್ತು ಹಿಡಿಯುತ್ತಿದ್ದಿತು. ಅದನ್ನು ತಯಾರಿಸಿದ ವೆಚ್ಚಕ್ಕಿಂತ ಕಡಮೆ ಬೆಲೆಗೆ ಮಾರುತ್ತಿದ್ದರು! ಒಂದೇ ಹಾಳೆಯಲ್ಲಿ ಈ ಲೆಕ್ಕವನ್ನು ಬರೆದು ಯಜಮಾನರ ಮೇಜಿನ ಮೇಲಿಟ್ಟಳು. ಪ್ರಮಾಣಪತ್ರವು ಆಡದ ಮಾತನ್ನು ಆ ಹಾಳೆಯು ಆಡಿತು. ಆರು ತಿಂಗಳೊಳಗಾಗಿ ಬೆಲೆ ಕಟ್ಟುವ ಕೆಲಸವೆಲ್ಲವೂ ಆಕೆಯ ಕೈಗೆ ಬಂದಿತು. ಅದರ ಹಿಂದೆ ಸಂಬಳವೂ ಬಂದಿತು.

ಇದರಿಂದ ನಮಗೆ ತೋರಿದುದನ್ನು ವಾಚಕರ ಮುಂದಿಡುವೆವು. ಆಯ್ಕೆ ಮಾಡುವ ಮೊದಲು, "ಇದನ್ನು ಕಲಿತು ನಾಳೆ ನನ್ನ ಮೇಜಿನ ಮೇಲಿನ ಯಾವ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುವೆನು?" ಎಂದು ಕೇಳಿಕೊಳ್ಳಬೇಕು. ಉತ್ತರ ದೊರೆಯದ ಪಾಠವು ಜ್ಞಾನಕ್ಕೆ ಒಳ್ಳೆಯದಿರಬಹುದು, ಬಡ್ತಿಗೆ ಅಲ್ಲ. ಒಂದೇ ಸಲಕ್ಕೆ ಒಂದೇ ಪಾಠವನ್ನು ಹಿಡಿಯಬೇಕು. ಮೂರನ್ನು ಹಿಡಿದವರು ಮೂರನ್ನೂ ಬಿಡುವರು. ಮೊದಲ ವಾರದ ಪಾಠವನ್ನು ಪುಕ್ಕಟೆಯಾಗಿ ಕೇಳಿ, ಭಾಷೆಯೂ ವೇಗವೂ ತಮಗೆ ಹೊಂದುವುವೆಂದು ಕಂಡರೆ ಮಾತ್ರ ಹಣ ಕಟ್ಟಬೇಕು. ಇಂಗ್ಲಿಷು ತೊಡಕೆನಿಸುವವರಿಗೆ ಎನ್‌ಪಿಟಿಇಎಲ್‌ನ ಹಲವು ಪಾಠಗಳ ಬರಹರೂಪವು ಕನ್ನಡದಲ್ಲಿಯೂ ದೊರೆಯುವುದು.

ಹಣದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. "ಆರು ತಿಂಗಳಲ್ಲಿ ಕೆಲಸ ಖಂಡಿತ" ಎಂದು ಫೋನು ಮಾಡಿ, ಲಕ್ಷಗಟ್ಟಲೆ ಶುಲ್ಕವನ್ನು ಸಾಲದ ಕಂತಾಗಿಸಿ ತಲೆಗೆ ಕಟ್ಟುವವರೂ ಇರುವರು. ಬ್ಯಾಂಕಿನ ಖಾತೆಯಿಂದ ಹಣವು ತಾನಾಗಿ ಕಡಿತವಾಗುವ ಏರ್ಪಾಡಿಗೆ ಒಪ್ಪಬಾರದೆಂದು ಕೇಂದ್ರದ ಶಿಕ್ಷಣ ಸಚಿವಾಲಯವೇ 2021ರಲ್ಲಿ ಜನರನ್ನು ಎಚ್ಚರಿಸಿತು. ಪದವಿಯನ್ನೇ ಬಯಸುವವರು, ಆ ವಿದ್ಯಾಸಂಸ್ಥೆಗೆ ಆ ಪದವಿಯನ್ನು ಆನ್‌ಲೈನ್ ಆಗಿ ಕೊಡಲು ವಿಶ್ವವಿದ್ಯಾನಿಲಯ ಅನುದಾನ ಆಯೋಗದ ಒಪ್ಪಿಗೆ ಉಂಟೇ ಎಂದು ಆಯೋಗದ ಪಟ್ಟಿಯಲ್ಲಿ ನೋಡಿಕೊಳ್ಳಬೇಕು. ವೈದ್ಯ, ದಾದಿ, ನ್ಯಾಯಶಾಸ್ತ್ರ ಮೊದಲಾದ ಪದವಿಗಳಿಗೆ ಆಯೋಗವು ಈ ದಾರಿಯನ್ನು ಮುಚ್ಚಿರುವುದು. ಅವನ್ನು ಮನೆಯಲ್ಲಿಯೇ ಕೊಡಿಸುವೆನೆಂದು ಯಾರಾದರೂ ಹೇಳಿದರೆ ಬಾಗಿಲಲ್ಲಿಯೇ ಕೈಮುಗಿದು ಕಳುಹಿಸುವುದು ಲೇಸು.

ಕಡೆಗೆ ಒಂದು ಮಾತನ್ನು ಓದುವವರಿಗಲ್ಲ, ಅವರೊಡನೆ ಇರುವವರಿಗೆ ಹೇಳುವೆವು. ಗಂಡಸು ಓದಲು ಕುಳಿತರೆ ಮನೆಯು ತಾನಾಗಿ ನಿಶ್ಶಬ್ದವಾಗುವುದನ್ನು ನಾವು ಅನೇಕ ಕಡೆ ಕಂಡಿರುವೆವು. ಹೆಂಗಸು ಕುಳಿತಾಗ ಆ ನಿಶ್ಶಬ್ದವನ್ನು ಆಕೆಯೇ ಬೇಡಬೇಕಾಗುವುದು. ಈ ವ್ಯತ್ಯಾಸವನ್ನು ಯಾವ ವಿಶ್ವವಿದ್ಯಾನಿಲಯವೂ ತಿದ್ದಲಾರದು, ಮನೆಯವರು ಮಾತ್ರ ತಿದ್ದಬಲ್ಲರು. ಅದಕ್ಕೆ ದೊಡ್ಡ ತ್ಯಾಗವೇನೂ ಬೇಕಿಲ್ಲ. ಒಬ್ಬರು ಪಾಠದ ಮುಂದೆ ಕುಳಿತಿರುವಾಗ ಕುಕ್ಕರಿನ ಕೂಗನ್ನು ಇನ್ನೊಬ್ಬರು ಎಣಿಸಿದರೆ ಸಾಕು.