ದೀಪ ಅಲ್ಲಾಡಲಿಲ್ಲ

ತೀರ್ಥಹಳ್ಳಿ
ಜುಲೈ 3, 2024, ಬುಧವಾರ

ಇವತ್ತು ಮೂರು ಸಲ. ಪರದೆ ಗಪ್ಪನೆ ಕಪ್ಪಾಗುತ್ತದೆ, ಉಸಿರು ಬಿಡುವಷ್ಟರಲ್ಲಿ ಕಂಪ್ಯೂಟರ್ ತಾನಾಗಿಯೇ ಮತ್ತೆ ಶುರುವಾಗುತ್ತದೆ. ಅಮ್ಮ ಹಸೆಗೆ ಕರೆಯುವ ಹಾಡು ಹೇಳುತ್ತಿದ್ದಳು, ನಾನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುತ್ತಿದ್ದೆ. ಜೊತೆಗೆ, ಫೋನಿನಲ್ಲಿ ಹಿಡಿದಿಟ್ಟಿದ್ದ ಹಾಡುಗಳಿಂದ ಮಳೆಯ ಸದ್ದು ತೆಗೆಯುವ ಕೆಲಸವೂ ನಡೆದಿತ್ತು. ಹದಿನೆಂಟು ಸಾಲು ಹೋದವು. ಅಮ್ಮನಿಗೆ ಎಪ್ಪತ್ತೆಂಟು, ಇನ್ನೊಮ್ಮೆ ಹೇಳು ಎನ್ನಲು ಬಾಯಿ ಬರಲಿಲ್ಲ.

ಮಳೆಗಾಲ, ಕರೆಂಟಿನ ಕಾಟ ಎಂದೆ. ಅಮ್ಮ ಒಪ್ಪಲಿಲ್ಲ. "ದೀಪ ಅಲ್ಲಾಡಲೇ ಇಲ್ಲವಲ್ಲೇ." ಹೌದಲ್ಲ, ಯುಪಿಎಸ್ ಕೂಡ ಕೂಗಿರಲಿಲ್ಲ.

ಜುಲೈ 4, ಗುರುವಾರ

ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದೆ. ಪ್ರತಿ ಸಲವೂ ಕೆಂಪು ಗುರುತಿನ ಒಂದೇ ಸಾಲು: ಕರ್ನಲ್-ಪವರ್, 41. ಸರಿಯಾಗಿ ಮುಚ್ಚಿಕೊಳ್ಳದೆ ಮತ್ತೆ ಶುರುವಾಯಿತು ಎಂದಷ್ಟೇ ಅದರ ಅರ್ಥ. ಏಕೆ ಎಂದು ಅದು ಹೇಳುವುದಿಲ್ಲ. ಆದರೆ ವಿವರದಲ್ಲಿ ಬಗ್‌ಚೆಕ್ ಕೋಡ್ 0 ಇದೆ. ವಿಂಡೋಸ್ ತಾನೇ ಎಡವಿದ್ದರೆ ಸಾಮಾನ್ಯವಾಗಿ ಅಲ್ಲಿ ಬೇರೆ ಸಂಖ್ಯೆ ಇರುತ್ತಿತ್ತು, ಮಿನಿಡಂಪ್ ಫೋಲ್ಡರಿನಲ್ಲಿ ಕಡತವೂ ಉಳಿಯುತ್ತಿತ್ತು. ಆ ಫೋಲ್ಡರ್ ಖಾಲಿ.

ತಪ್ಪಾದಾಗ ತಾನಾಗಿಯೇ ರೀಸ್ಟಾರ್ಟ್ ಆಗುವ ಆಯ್ಕೆಯ ಗುರುತು ತೆಗೆದೆ. ಡ್ರೈವರ್ ದೋಷವಾಗಿದ್ದರೆ ಇನ್ನು ಮುಂದೆ ನೀಲಿ ಪರದೆ ನಿಲ್ಲಬೇಕು. ಸಂಜೆ ಮತ್ತೆ ಹೋಯಿತು. ನೀಲಿಯ ಸುಳಿವಿಲ್ಲ.

ಜುಲೈ 6, ಶನಿವಾರ

ಒಂದೊಂದನ್ನೇ ಬದಲಿಸಿ ನೋಡಬೇಕು, ಎರಡನ್ನು ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದೇ ಇಲ್ಲ. ಮೊದಲು ಯುಪಿಎಸ್ ಬಿಟ್ಟು ನೇರ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದೆ. ಹೋಯಿತು. ಆಮೇಲೆ ಕ್ಯಾಬಿನೆಟ್ ಬಿಚ್ಚಿದರೆ ಪ್ರೊಸೆಸರಿನ ಫ್ಯಾನಿನಡಿ ಹತ್ತಿಯ ಹಾಗೆ ಧೂಳು. ಬ್ರಷ್ಷಿನಿಂದ ಬಿಡಿಸಿದೆ. ಕೆಲಸ ಜೋರಾದಾಗಲೂ ಶಾಖ 71 ಡಿಗ್ರಿ ದಾಟಲಿಲ್ಲ, ಆದರೂ ಹೋಯಿತು. ರ‍್ಯಾಮ್ ಕಳಚಿ, ಅದರ ಹೊಂಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ, ರಾತ್ರಿ ಮೆಮ್‌ಟೆಸ್ಟ್86 ಓಡಲು ಬಿಟ್ಟೆ.

ಜುಲೈ 7, ಭಾನುವಾರ

ನಾಲ್ಕು ಸುತ್ತು ಮುಗಿದಿವೆ, ಒಂದು ತಪ್ಪೂ ಇಲ್ಲ.

ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬರೀ ಟೈಪ್ ಮಾಡಿದೆ, ಏನೂ ಆಗಲಿಲ್ಲ. ಮಳೆಯ ಸದ್ದು ತೆಗೆಯಲು ಕೊಟ್ಟ ಹತ್ತೇ ನಿಮಿಷಕ್ಕೆ ಕಪ್ಪು. ಮತ್ತೆ ಕೊಟ್ಟೆ, ಮತ್ತೆ ಅದೇ. ಪ್ರೊಸೆಸರ್ ಹೆಚ್ಚು ಕರೆಂಟು ಕೇಳಿದಾಗ ಮಾತ್ರ ಹೀಗಾಗುತ್ತಿದೆ! ಇದನ್ನು ಮೊದಲ ದಿನವೇ ಗಮನಿಸಬೇಕಿತ್ತು. ಗೋಡೆಯ ಕರೆಂಟು ಸರಿಯಿದೆ, ದೀಪವೇ ಸಾಕ್ಷಿ. ಹಾಗಾದರೆ ಅದನ್ನು ಒಳಗೆ ಹಂಚುವ ಎಸ್‌ಎಂಪಿಎಸ್ ಮೇಲೆ ನನ್ನ ಅನುಮಾನ.

ಜುಲೈ 9, ಮಂಗಳವಾರ

ರಿಪೇರಿ ಅಂಗಡಿಯ ಹುಡುಗ ಮಲ್ಟಿಮೀಟರಿನ ಮುಳ್ಳನ್ನು ಎಸ್‌ಎಂಪಿಎಸ್‌ನ ಹಳದಿ ವಯರಿಗೆ ಇಟ್ಟ. ಅಲ್ಲಿ 12 ವೋಲ್ಟ್ ಬರಬೇಕು, ಶೇ 5 ಕಡಿಮೆಯಾದರೂ ನಡೆಯುತ್ತದೆ, ಎಂದರೆ 11.4ರವರೆಗೆ. ಸುಮ್ಮನಿದ್ದಾಗ 11.9 ಇತ್ತು. ಕೆಲಸ ಕೊಟ್ಟ ಕೂಡಲೇ 11.2ಕ್ಕೆ ಕುಸಿಯಿತು, ಇಬ್ಬರೂ ನೋಡನೋಡುತ್ತಿದ್ದಂತೆ ಪರದೆ ಆರಿತು. ಇಷ್ಟು ದಿನ ಕೆಟ್ಟದ್ದೆಂದು ಹೆದರುತ್ತಿದ್ದ ಆ ಕತ್ತಲೆ ಕಂಡು ಎದೆ ಹಗುರಾಯಿತು.

"ಮನೇಲಿ ಇದನ್ನ ಬಿಚ್ಚಬೇಡಿ ಅಕ್ಕ, ಪ್ಲಗ್ ತೆಗೆದ ಮೇಲೂ ಒಳಗೆ ಕರೆಂಟ್ ಉಳಿದಿರುತ್ತೆ" ಎಂದ. ಅಂಗಡಿಯಲ್ಲಿ ತಾನೇ ಬಿಚ್ಚಿ ತೋರಿಸಿದ: ಮೂರು ಕೆಪಾಸಿಟರುಗಳ ತಲೆ ಉಬ್ಬಿತ್ತು. ಹೊಸದು ಹಾಕಿಸಿಕೊಂಡು ಬಂದೆ.

ಜುಲೈ 12, ಶುಕ್ರವಾರ

ಮೂರು ದಿನದಿಂದ ಒಮ್ಮೆಯೂ ನಿಂತಿಲ್ಲ. ಧ್ವನಿಯ ಕೆಲಸ ಒಂದು ಕಡೆ ನಡೆದಿರುವಾಗಲೇ ಅಮ್ಮ ತಾನಾಗಿ ಬಂದು ಕೂತಳು. ಹೋದ ಹಾಡನ್ನು ಮತ್ತೆ ಹೇಳಿದಳು. ಇಪ್ಪತ್ತೆರಡು ಸಾಲು ಬಂತು.

"ಆವತ್ತು ಹದಿನೆಂಟೇ ಇತ್ತಲ್ಲಮ್ಮ?"

"ಆವತ್ತು ನೀನು ಅವಸರದಲ್ಲಿದ್ದೆ."