ಪಾಸ್ಕಲ್ ನಿಯಮವೂ ಮಗನ ಕೆಂಪು ಕಾರೂ

ಈ ಪುಟಗಳನ್ನು ಓದುತ್ತ ಬಂದಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ಆ ಜೀಪಿನ ಪಾಠ ನೆನಪಿರಬಹುದು. 1990ರ ಮಾತು. ಹತ್ತನೆಯ ತರಗತಿಗೆ ದ್ರವಗಳ ಒತ್ತಡದ ಪಾಠ ಮಾಡುತ್ತಿದ್ದೆ. ಚಿಕ್ಕ ಪಿಸ್ಟನ್ನಿನ ವಿಸ್ತೀರ್ಣ 5 ಚದರ ಸೆಂಟಿಮೀಟರ್, ದೊಡ್ಡದರದು 100 ಎಂದು ಕಪ್ಪುಹಲಗೆಯ ಮೇಲೆ ಬರೆದು, ಇತ್ತ 10 ಕಿಲೋ ತೂಕವಿಟ್ಟರೆ ಅತ್ತ 200 ಕಿಲೋ ಮೇಲೇಳುತ್ತದೆ ಎಂದು ವಿವರಿಸಿದರೆ ಹುಡುಗರ ಮುಖದಲ್ಲಿ ನಂಬಿಕೆಯೇ ಕಾಣಲಿಲ್ಲ. ಅಂದು ಶಾಲೆಯ ತಪಾಸಣೆಗೆ ಬಂದಿದ್ದ ಅಧಿಕಾರಿಗಳ ಜೀಪು ಅಂಗಳದಲ್ಲಿ ನಿಂತಿತ್ತು. ಚಾಲಕನನ್ನು ಒಪ್ಪಿಸಿ, ಅದರ ಜಾಕನ್ನು ಮುಂಭಾಗದ ಕೆಳಗಿರಿಸಿ, ತರಗತಿಯಲ್ಲೇ ಎಲ್ಲರಿಗಿಂತ ಸಣಕಲನಾಗಿದ್ದ ಹುಡುಗನೊಬ್ಬನ ಕೈಗೆ ಅದರ ಹಿಡಿಯನ್ನು ಕೊಟ್ಟೆ. ಅವನು ಒತ್ತಿದ, ಜೀಪು ಎದ್ದಿತು, ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಬಿ.ಎಡ್. ತರಬೇತಿಯಲ್ಲಿ ನಮಗೆ ಹೇಳಿಕೊಟ್ಟ 'ಮಾಡಿ ಕಲಿ' ಎಂಬುದನ್ನು ಸಾಧಿಸಿದೆನೆಂದು ಬಹುಕಾಲ ಬೀಗಿದ್ದೆ.

ಆ ಪಾಠ ನನಗೆ ಮತ್ತೆ ನೆನಪಾದದ್ದು 2023ರ ಬೇಸಿಗೆಯಲ್ಲಿ, ಅಮೆರಿಕದ ಮಿಷಿಗನ್ ರಾಜ್ಯದಲ್ಲಿರುವ ಮಗನ ಮನೆಯ ಗ್ಯಾರೇಜಿನಲ್ಲಿ.

ಮಗನ ಬಳಿ ಸಂಸಾರಕ್ಕೊಂದು ದೊಡ್ಡ ಕಾರಿದೆ. ಅದಲ್ಲದೆ ಅವನು ಹವ್ಯಾಸಕ್ಕೆಂದು ಹಳೆಯದೊಂದು ಮಜ್ದಾ ಮಿಯಾಟಾ ಕೊಂಡಿದ್ದಾನೆ. ಕೆಂಪು ಬಣ್ಣದ, ಎರಡೇ ಆಸನಗಳ, ತಲೆಯ ಮೇಲಿನ ಹೊದಿಕೆಯನ್ನು ಮಡಚಿಡಬಹುದಾದ ಪುಟ್ಟ ಸ್ಪೋರ್ಟ್ಸ್ ಕಾರು. 1989ರಲ್ಲಿ ಮೊದಲು ಮಾರುಕಟ್ಟೆಗೆ ಬಂದ ಈ ಮಾದರಿಯ ಹತ್ತು ಲಕ್ಷದ ಕಾರು 2016ರಲ್ಲಿ ತಯಾರಾಯಿತಂತೆ. ತೂಕ ಸಾವಿರ ಕಿಲೋಗಿಂತ ತುಸು ಹೆಚ್ಚು. ನೆಲಕ್ಕೂ ಅದರ ಹೊಟ್ಟೆಗೂ ನಡುವೆ ಇರುವುದು ನಾಲ್ಕೈದು ಅಂಗುಲ ಮಾತ್ರ. ನಮ್ಮ ಅಂಬಾಸಿಡರ್ ಕಾರಿನ ಕೆಳಗೆ ಬೆಕ್ಕು ಮರಿಗಳೊಡನೆ ಸಂಸಾರ ಹೂಡಬಹುದಿತ್ತು. ಇದರ ಕೆಳಗೆ ಕೈ ತೂರಿಸುವುದೇ ಕಷ್ಟ. ಅದರೊಳಗೆ ಕುಳಿತುಕೊಳ್ಳುವುದೆಂದರೆ ನನ್ನ ವಯಸ್ಸಿನವರಿಗೆ ಬಾವಿಗೆ ಇಳಿದಂತೆ. ಏಳುವ ಮಾತನ್ನು ಹೇಳದಿರುವುದೇ ಲೇಸು.

ನಮ್ಮಲ್ಲಿ ಎಂಜಿನ್ ಆಯಿಲ್ ಬದಲಾಯಿಸಲು ಕಾರನ್ನು ವರ್ಕ್‌ಶಾಪಿನ ಗುಂಡಿಯ ಮೇಲೆ ನಿಲ್ಲಿಸಿ ನಾವು ಬೆಂಚಿನ ಮೇಲೆ ಕುಳಿತು ದಿನಪತ್ರಿಕೆ ಓದುತ್ತೇವೆ. ಅಲ್ಲಿ ಅನೇಕರು ಅದನ್ನು ಮನೆಯಲ್ಲಿಯೇ ಮಾಡಿಕೊಳ್ಳುತ್ತಾರೆ. ದುಡ್ಡಿನ ಉಳಿತಾಯ ಒಂದು ಕಾರಣವಾದರೆ, ತನ್ನ ಗಾಡಿಯನ್ನು ತಾನೇ ಮುಟ್ಟುವ ಸುಖ ಇನ್ನೊಂದು. ಅಂದು ಶನಿವಾರ. ಮಗ ಎಂಜಿನ್ನನ್ನು ತುಸು ಹೊತ್ತು ಚಾಲೂ ಮಾಡಿ ಬೆಚ್ಚಗಾಗಿಸಿದ. ಬೆಚ್ಚಗಿನ ಎಣ್ಣೆ ಸಲೀಸಾಗಿ ಇಳಿದುಬರುತ್ತದೆ. ಮುಂದಿನ ಚಕ್ರಗಳನ್ನು ಒಂದೂವರೆ ಅಂಗುಲ ದಪ್ಪದ ಹಲಗೆಗಳ ಮೇಲೆ ಹತ್ತಿಸಿದ; ಹಾಗೆ ಮಾಡದಿದ್ದರೆ ಜಾಕ್ ಒಳಗೆ ಹೋಗುವುದೇ ಇಲ್ಲ. ಇಳಿಜಾರಿನ ಕಬ್ಬಿಣದ ರ‍್ಯಾಂಪುಗಳೂ ಅವನಲ್ಲಿದ್ದವು. ಆದರೆ ಕಾರಿನ ಗದ್ದ ಅವಕ್ಕೆ ತಾಗುತ್ತದೆಂದು ಮೂಲೆಗೆ ಎಸೆದಿದ್ದ. ಚಕ್ರಗಳುಳ್ಳ ಉದ್ದನೆಯ ತಗ್ಗಾದ ಜಾಕನ್ನು ಎಂಜಿನ್ನಿನ ಕೆಳಗಿನ ಉಕ್ಕಿನ ಅಡ್ಡತೊಲೆಯ ನಡುಭಾಗಕ್ಕೆ ಕೊಟ್ಟು ಎತ್ತಿದ. ಕಾರು ಮೂಗನ್ನು ಮೇಲೆತ್ತಿ ನಿಂತಿತು. ಅವನು ಚಾಪೆಯಂಥದೊಂದನ್ನು ಹಾಸಿ ಕೆಳಗೆ ತೂರಲು ಸಿದ್ಧನಾದ.

"ಅದಕ್ಕೆ ಆಸರೆ ಎಲ್ಲಿ?" ಎಂದೆ.

"ಸ್ಟ್ಯಾಂಡುಗಳು ಫ್ರೆಂಡ್ ಮನೆಯಲ್ಲಿವೆ ಅಪ್ಪ. ಬರೀ ಹತ್ತು ನಿಮಿಷದ ಕೆಲಸ. ಇದು ಮೂರು ಟನ್ ಎತ್ತೋ ಜಾಕು."

ಮೂರು ಟನ್ ಎತ್ತುವ ಜಾಕು. ಮಾತು ಸುಳ್ಳಲ್ಲ. ಆದರೆ ನಾನು ಕಾರಿನ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕುಳಿತು, ಸ್ಟ್ಯಾಂಡು ಬರುವವರೆಗೆ ನೀನು ಕೆಳಗೆ ಹೋಗಕೂಡದು ಎಂದುಬಿಟ್ಟೆ. ಮೂವತ್ತೈದು ದಾಟಿದ, ಎಂಜಿನಿಯರಾದ ಮಗನಿಗೆ ಹೀಗೆ ಆಜ್ಞೆ ಮಾಡುವ ಅಧಿಕಾರ ನನಗಿದೆಯೇ ಎಂಬುದು ಬೇರೆ ಪ್ರಶ್ನೆ. ಅವನ ಮುಖ ಗಂಟಿಕ್ಕಿತು. ಆಗ ಅವನಿಗೆ ಆ ಸಣಕಲ ಹುಡುಗನ ಕಥೆಯನ್ನು ಹೇಳಿದೆ.

ಆ ಹುಡುಗ ಎಸ್.ಎಸ್.ಎಲ್.ಸಿ.ಯಲ್ಲಿ ತೇರ್ಗಡೆಯಾಗಲಿಲ್ಲ. ಹೆದ್ದಾರಿಯ ಬದಿಯ ಗ್ಯಾರೇಜೊಂದರಲ್ಲಿ ಕೆಲಸಕ್ಕೆ ಸೇರಿ ಒಳ್ಳೆಯ ಮೆಕ್ಯಾನಿಕ್ ಎನಿಸಿಕೊಂಡ. 1997ರ ಮಳೆಗಾಲದಲ್ಲಿ ಒಂದು ಸಂಜೆ, ನೆನೆದ ಮಣ್ಣಿನ ನೆಲದ ಮೇಲೆ ಜೀಪೊಂದನ್ನು ಜಾಕಿನಿಂದ ಎತ್ತಿ ಕೆಳಗೆ ಮಲಗಿದ್ದಾಗ ಜಾಕಿನ ಬುಡ ಮಣ್ಣಿನಲ್ಲಿ ಕುಸಿದು ವಾಲಿತು. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಿರಲಿಲ್ಲ. ಜೀಪು ಉರುಳಿಬಂದು ಕಾಲಿನ ಮೇಲೆ ಕುಳಿತಿತು. ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ನಾನು ಆಸ್ಪತ್ರೆಗೆ ಹೋದಾಗ ಅವನು ನಗಲು ಪ್ರಯತ್ನಿಸುತ್ತ ಹೇಳಿದ: "ನೀವು ಎತ್ತೋದು ಹೇಳ್ಕೊಟ್ರಿ ಮೇಷ್ಟ್ರೇ. ನಿಲ್ಸೋದು ಹೇಳಿರ್ಲಿಲ್ಲ."

ದೂರುವ ದನಿ ಅದರಲ್ಲಿರಲಿಲ್ಲ. ಅದಕ್ಕೇ ಅದು ನನ್ನಲ್ಲಿ ಇಂದಿಗೂ ಉಳಿದಿದೆ.

ಮಗ ಮರುಮಾತಾಡದೆ ಕಾರನ್ನು ಕೆಳಗಿಳಿಸಿ, ದೊಡ್ಡ ಕಾರನ್ನು ತೆಗೆದುಕೊಂಡು ಸ್ನೇಹಿತನ ಮನೆಗೆ ಹೋದ. ಹೋಗಿಬರಲು ಒಂದು ಗಂಟೆ ಹಿಡಿಯಿತು. ಅಷ್ಟು ಹೊತ್ತು ನಾನು ಒಬ್ಬನೇ ಕುಳಿತು, ಅಂದು ಪಾಠದಲ್ಲಿ ಬಿಟ್ಟುಹೋದದ್ದು ಏನೆಂದು ಯೋಚಿಸಿದೆ. ಜಾಕಿನೊಳಗೆ ಭಾರವನ್ನು ಹೊತ್ತಿರುವುದು ಎಣ್ಣೆ. ಆ ಎಣ್ಣೆ ಹೊರಹೋಗದಂತೆ ತಡೆದಿರುವುದು ಒಂದು ರಬ್ಬರಿನ ಉಂಗುರ ಮತ್ತು ಒಂದು ಪುಟ್ಟ ಕವಾಟ. ಉಂಗುರ ಸವೆದಿದ್ದರೆ, ಕವಾಟದ ಬಾಯಲ್ಲಿ ಕಸದ ಒಂದು ಕಣ ಸಿಕ್ಕಿದ್ದರೆ ಭಾರ ಮೆಲ್ಲಗೆ ಇಳಿಯುತ್ತದೆ. ಕೆಲವೊಮ್ಮೆ ಮೆಲ್ಲಗೂ ಅಲ್ಲ. ಸ್ಟ್ಯಾಂಡಿನಲ್ಲಿ ಎಣ್ಣೆಯಿಲ್ಲ. ನಾಲ್ಕು ಕಾಲಿನ ಉಕ್ಕಿನ ಪೀಠ, ಅದರೊಳಗೆ ಹಲ್ಲುಗಳುಳ್ಳ ಕಂಬ, ಹಲ್ಲಿಗೆ ಸಿಕ್ಕಿಕೊಳ್ಳುವ ಒಂದು ಕೊಂಡಿ, ಅಷ್ಟೆ. ಅದು ಏನನ್ನೂ ಎತ್ತಲಾರದು, ಹೊತ್ತು ನಿಲ್ಲಬಲ್ಲದು. ಪಾಸ್ಕಲನ ನಿಯಮ ಹೇಳುವುದು ಎತ್ತುವ ಲೆಕ್ಕವನ್ನು. ನಾನೂ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪರೀಕ್ಷೆಯಲ್ಲಿ ಕೇಳಿದ್ದು ಅದನ್ನೇ.

ಸ್ಟ್ಯಾಂಡುಗಳನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 2020ರಲ್ಲಿ ಅಮೆರಿಕದ ಉಪಕರಣ ಮಾರುವ ಸಂಸ್ಥೆಯೊಂದು, ಕೊಂಡಿಯು ಹಲ್ಲಿಗೆ ಸರಿಯಾಗಿ ಸಿಕ್ಕಿಕೊಳ್ಳದೆ ಕುಸಿಯಬಹುದೆಂಬ ಕಾರಣಕ್ಕೆ, 17 ಲಕ್ಷದಷ್ಟು ಸ್ಟ್ಯಾಂಡುಗಳನ್ನು ಗಿರಾಕಿಗಳಿಂದ ಹಿಂದಕ್ಕೆ ಕರೆಯಿತು. ಮಗ ತಂದ ನಾಲ್ಕನ್ನೂ ಒಂದೊಂದಾಗಿ ಪರೀಕ್ಷಿಸಿದೆವು. ಕೊಂಡಿ ಹಲ್ಲಿನ ಬುಡದವರೆಗೂ ಕೂರುತ್ತದೆಯೇ, ಬೆಸುಗೆಯಲ್ಲಿ ಬಿರುಕಿದೆಯೇ ಎಂದು ನೋಡಿದೆವು.

ನೆಲದ ಪರೀಕ್ಷೆಯನ್ನು ನಾನು ವಹಿಸಿಕೊಂಡೆ. ಮೊಮ್ಮಗನ ಗೋಲಿಯೊಂದನ್ನು ಇಟ್ಟು ನೋಡಿದರೆ ಅದು ಬಾಗಿಲ ಕಡೆಗೆ ಮೆಲ್ಲಗೆ ಉರುಳಿತು! ಅಲ್ಲಿನ ಗ್ಯಾರೇಜುಗಳ ನೆಲಕ್ಕೆ ನೀರು ಹೊರಹೋಗಲೆಂದು ಸಣ್ಣ ಇಳಿಜಾರು ಕೊಟ್ಟಿರುತ್ತಾರೆ. ಆದ್ದರಿಂದ ಹಿಂದಿನ ಚಕ್ರಗಳಿಗೆ ಎರಡೂ ಬದಿಗೆ ರಬ್ಬರಿನ ಅಡೆಗಳನ್ನು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿ ನಿಲ್ಲಿಸಿದೆವು. ಹೊರಗಿನ ಡಾಂಬರು ಹಾದಿಯಲ್ಲಿ ಈ ಕೆಲಸ ಮಾಡಬಾರದು. ಬಿಸಿಲಿಗೆ ಮೆತ್ತಗಾದ ಡಾಂಬರಿನಲ್ಲಿ ಸ್ಟ್ಯಾಂಡಿನ ಕಾಲು ಇಳಿಯುತ್ತದೆ. ಸಿಮೆಂಟ್ ಇಟ್ಟಿಗೆಗಳನ್ನಂತೂ ಇಡಲೇಬಾರದು. ಉಕ್ಕು ಬಾಗಿ ಮುನ್ಸೂಚನೆ ಕೊಡುತ್ತದೆ, ಸಿಮೆಂಟ್ ಇಟ್ಟಿಗೆ ಸದ್ದಿಲ್ಲದೆ ನಿಂತಿದ್ದು ಒಮ್ಮೆಗೇ ಪುಡಿಯಾಗುತ್ತದೆ.

ಜಾಕಿನ ತೋಳು ಮೇಲೇಳುವುದು ನೇರವಾಗಿ ಅಲ್ಲ, ಕಂಸದಲ್ಲಿ. ಹಾಗಾಗಿ ಕಾರು ಏಳುತ್ತಿದ್ದಂತೆ ಜಾಕ್ ತನ್ನ ಚಕ್ರಗಳ ಮೇಲೆ ತುಸು ಮುಂದಕ್ಕೆ ಸರಿಯಬೇಕು. ಒಂದು ಕಲ್ಲಿನ ಚೂರು ಚಕ್ರಕ್ಕೆ ಸಿಕ್ಕಿದರೂ ಅದು ಸರಿಯದೆ ಕಾರನ್ನೇ ಎಳೆಯುತ್ತದೆ, ಆಗ ಜಾಕಿನ ತಲೆ ಜಾರುತ್ತದೆ. ಪೊರಕೆ ತಂದು ಗುಡಿಸಿದೆ. ಮಗನಿಗೆ ನಗು ಬಂತು, ಸಿಟ್ಟು ಇಳಿದಿತ್ತು.

ಬಾಗಿಲ ಕೆಳಗಿನ ಅಂಚಿನಲ್ಲಿ, ಎರಡು ತಗಡುಗಳನ್ನು ಸೇರಿಸಿ ಬೆಸೆದ ಪಟ್ಟಿಯಲ್ಲಿ, ಎರಡೆರಡು ಕಚ್ಚುಗಳ ಗುರುತಿರುತ್ತದೆ. ಅವುಗಳ ನಡುವಿನ ಜಾಗ ಮಾತ್ರ ಭಾರ ತಡೆಯುವಂಥದ್ದು. ಪಕ್ಕಕ್ಕೆ ಸರಿದರೆ ತಗಡು ನಜ್ಜುಗುಜ್ಜಾಗುತ್ತದೆ. ಮುಂದಿನ ಎರಡು ಸ್ಟ್ಯಾಂಡುಗಳನ್ನು ಅಲ್ಲಿ, ಸೀಳಿದ ರಬ್ಬರ್ ತುಂಡಿನ ಸಮೇತ ಇಟ್ಟು ಕಾರನ್ನು ಮೆಲ್ಲಗೆ ಅವುಗಳ ಮೇಲೆ ಇಳಿಸಿದ. ನಾಲ್ಕು ಸ್ಟ್ಯಾಂಡುಗಳಿರುವಾಗ ಕಾರನ್ನು ಸಮತಟ್ಟಾಗಿಯೇ ನಿಲ್ಲಿಸೋಣ, ಎಣ್ಣೆ ಪೂರ್ತಿ ಇಳಿಯುತ್ತದೆ ಎಂದು ಹಿಂಭಾಗವನ್ನೂ ಎತ್ತಲು ಹೊರಟ. ಇದೇ ನಾಜೂಕಾದ ಗಳಿಗೆ. ಹಿಂದಿನ ಚಕ್ರಗಳು ನೆಲ ಬಿಟ್ಟೊಡನೆ ಹ್ಯಾಂಡ್ ಬ್ರೇಕಿಗೂ ಅರ್ಥವಿಲ್ಲ, ರಬ್ಬರಿನ ಅಡೆಗಳಿಗೂ ಅರ್ಥವಿಲ್ಲ. ಇಡೀ ಕಾರು ಮುಂದಿನ ಎರಡು ಸ್ಟ್ಯಾಂಡುಗಳ ಮೇಲೆ ಬಾಗಿಲು ತಿರುಗಣಿಯ ಮೇಲೆ ತಿರುಗುವಂತೆ ತಿರುಗುತ್ತದೆ. ಅವನು ಡಿಫರೆನ್ಷಿಯಲ್ ಕೆಳಗೆ ಜಾಕ್ ಕೊಟ್ಟು ಎರಡು ಸಲ ಒತ್ತಿ ನಿಲ್ಲಿಸುತ್ತಿದ್ದ. ನಾನು ದೂರದಲ್ಲಿ ಬಗ್ಗಿ ಮುಂದಿನ ಸ್ಟ್ಯಾಂಡುಗಳ ಎಂಟೂ ಕಾಲುಗಳು ನೆಲಕ್ಕೆ ಅಂಟಿವೆಯೇ ಎಂದು ನೋಡಿ "ಹೂಂ" ಎನ್ನುತ್ತಿದ್ದೆ. ಮತ್ತೆ ಎರಡು ಸಲ, ಮತ್ತೆ "ಹೂಂ". ಕೊನೆಗೆ ನಾಲ್ಕೂ ಆಸರೆಗಳ ಮೇಲೆ ಕಾರು ಕುಳಿತಾಗ, ಜಾಕನ್ನು ಭಾರವಿಲ್ಲದೆ ಬರಿದೆ ತಾಗುವಂತೆ ಅಲ್ಲಿಯೇ ಬಿಟ್ಟೆವು. ಕೆಳಗೆ ಹೋಗುವ ಮೊದಲು ಇಬ್ಬರೂ ಬದಿಯಿಂದ ಕಾರನ್ನು ಅಲುಗಿಸಿ ನೋಡಿದೆವು. ಬೀಳುವುದಿದ್ದರೆ ಯಾರೂ ಕೆಳಗಿಲ್ಲದಾಗಲೇ ಬೀಳಲಿ ಎಂದು. ಅದು ಮಿಸುಕಲಿಲ್ಲ.

ಉಳಿದ ಕೆಲಸ ನಿಜಕ್ಕೂ ಸಣ್ಣದು. ಆಯಿಲ್ ಚೇಂಬರಿನ ಬೋಲ್ಟು ಬಿಚ್ಚಿ ಹಳೆಯ ಎಣ್ಣೆಯನ್ನು ಇಳಿಸಿ, ಬೋಲ್ಟಿಗೆ ಹೊಸ ವಾಷರ್ ಹಾಕಿದ. ಫಿಲ್ಟರು ಮಾತ್ರ ಎಂಜಿನ್ನಿನ ಬಲಬದಿಯ ಸಂದಿಯೊಳಗೆ ಅಡಗಿರುವುದರಿಂದ ಅವನ ಬಾಯಿಂದ ಒಂದೆರಡು ಅಸಂಸದೀಯ ಪದಗಳು ಬಂದವು, ನಾನು ಕೇಳಿಸದವನಂತೆ ಇದ್ದೆ. ಹಳೆಯ ಎಣ್ಣೆಯನ್ನು ಡಬ್ಬಿಗೆ ತುಂಬಿಟ್ಟ. ಬಿಡಿಭಾಗಗಳ ಅಂಗಡಿಯಲ್ಲಿ ಅದನ್ನು ಉಚಿತವಾಗಿ ತೆಗೆದುಕೊಳ್ಳುತ್ತಾರಂತೆ.

ಅಂದು ರಾತ್ರಿ ಊಟವಾದ ಮೇಲೆ ಊರಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಾಗಿತ್ತು. ಆ ಹುಡುಗ, ಹುಡುಗನೇನು ಬಂತು, ಈಗ ಐವತ್ತರ ಹತ್ತಿರದವನು, ತನ್ನ ಪಂಚರ್ ಅಂಗಡಿಯ ಬಾಗಿಲು ತೆಗೆಯುತ್ತಿದ್ದ. ಹೀಗೆ ಹೀಗೆ ಆಯಿತಪ್ಪ ಎಂದು ಎಲ್ಲವನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ.

"ಎಷ್ಟು ಲೀಟರ್ ಹಿಡೀತು ಮೇಷ್ಟ್ರೇ?"

"ಹತ್ತಿರ ಹತ್ತಿರ ನಾಲ್ಕು."

"ಮೊದ್ಲು ಎತ್ತೋವಾಗ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಿದ್ರಾ?"

ಕೊಟ್ಟಿದ್ದೆವು, ಕಲ್ಲಲ್ಲ, ರಬ್ಬರಿನದು ಎಂದೆ.

"ಇಳಿಜಾರಿನ ಕಡೆಗೂ?"

"ಎರಡೂ ಕಡೆಗೆ" ಎಂದೆ.