ಅಚ್ಚು ಇನ್ನೂ ಬಿಚ್ಚಿಲ್ಲ

ಮೊದಲ ಪಾಳಿ ಬಿಟ್ಟ ಕೂಡಲೇ ಬೆಳಗಾವಿ ಉದ್ಯಮಬಾಗದ ಆ ಚಹಾದಂಗಡಿಗೆ ಬಂದು ಕೂತರೆ ಆಗ ನಮ್ಮ ಮಾತು ಒಂದೇ: ಆಕ್ಸಲ್ ರೋಸ್ ಈ ಸಲ ಯಾರನ್ನ ಓಡಿಸಿರಬಹುದು? ಕೈಗೆ ಕೂಲಂಟಿನ ವಾಸನೆ, ಎದುರಿಗೆ ಅರ್ಧ ಚಹಾ, ಆಚೆ ಖಾನಾಪುರ ರಸ್ತೆಯಲ್ಲಿ ಲಾರಿಗಳ ಸದ್ದು. ಮಾತು ಮಾತ್ರ ಲಾಸ್ ಏಂಜಲೀಸಿನ ಸ್ಟುಡಿಯೋದ್ದು. ನಾನೂ ನನ್ನ ದೋಸ್ತನೂ ಮುಂಬೈ ದಾಟಿ ಆಚೆ ಹೋದವರಲ್ಲ.

ಗನ್ಸ್ ಎನ್ ರೋಸಸ್ ತಂಡದವರು ಆ ಹೊತ್ತಿಗೆ ಸ್ವಂತ ಹಾಡುಗಳ ಆಲ್ಬಮ್ ಅಂತ ಕೊನೆಯ ಸಲ ಕೊಟ್ಟಿದ್ದು 1991ರಲ್ಲಿ, ಒಂದೇ ದಿನ ಎರಡು. 1993ರ ನವೆಂಬರ್ 23ಕ್ಕೆ ಬಂದದ್ದು ಬೇರೆಯವರ ಹಾಡುಗಳನ್ನು ಹಾಡಿದ ಆಲ್ಬಮ್ಮು. ಆಮೇಲೆ ಗಿಟಾರಿನ ಸ್ಲ್ಯಾಷ್ ಹೋದ, ಬೇಸಿನ ಡಫ್ ಹೋದ. ಮೊದಲಿನವರಲ್ಲಿ ಉಳಿದವನು ಹಾಡುಗಾರ ಆಕ್ಸಲ್, ಅವನ ಹತ್ತಿರ ಮುಂದಿನ ಆಲ್ಬಮ್ಮಿಗೆ ಒಂದು ಹೆಸರು: ‘ಚೈನೀಸ್ ಡೆಮಾಕ್ರಸಿ’. ನಾನು ಕೆಲಸಕ್ಕೆ ಸೇರಿದ 1999ರಲ್ಲಿ ಅವರದೊಂದು ಹೊಸ ಹಾಡು ಸಿನಿಮಾವೊಂದರ ಜೊತೆ ಹೊರಬಿತ್ತು. ಇನ್ನೇನು ಆಲ್ಬಮ್ ಬಂತು ಅಂದುಕೊಂಡೆವು. ನಾನು ಗೇಜು, ವರ್ನಿಯರ್ ಹಿಡಿದು ಇನ್‌ಸ್ಪೆಕ್ಷನ್ ಮೇಜಿನ ಮುಂದೆ ಒಂಬತ್ತು ವರ್ಷ ನಿಂತೆ. ಅದು ಬರಲಿಲ್ಲ.

ಸುದ್ದಿ ಸಿಗುತ್ತಿದ್ದುದು ‘ರಾಕ್ ಸ್ಟ್ರೀಟ್ ಜರ್ನಲ್’ ಥರದ ಪತ್ರಿಕೆಗಳಲ್ಲಿ, ಅದೂ ಹಳಸಿದ್ದು. ಹಳಸಿದ್ದಕ್ಕೇ ರುಚಿ. ನಡುವಿನ ಖಾಲಿ ಜಾಗವನ್ನೆಲ್ಲ ನಾವೇ ತುಂಬಬೇಕಿತ್ತು. ನಮ್ಮ ಆಟಕ್ಕೆ ಒಂದು ಕರಾರು: ಊಹೆ ಹೇಳಿದವ ಕಾರಣವನ್ನೂ ಹೇಳಬೇಕು. ಹೇಳದಿದ್ದರೆ ಅವತ್ತಿನ ಚಹಾ ಅವನದು. ಸುಮ್ಮನೆ “ಮುಂದಿನ ವರ್ಷ ಬರ್ತೈತಿ” ಅಂದವ ರೊಕ್ಕ ತೆಗೆಯಲೇಬೇಕು.

ಎಲ್ಲಕ್ಕಿಂತ ಜಾಸ್ತಿ ರಂಗೇರುತ್ತಿದ್ದುದು ಪ್ರೊಡ್ಯೂಸರ್ ಯಾರು ಅನ್ನುವ ಜಗಳ. ಗಾಂಧಿನಗರದಲ್ಲಿ ನಿರ್ಮಾಪಕ ಅಂದರೆ ದುಡ್ಡು ಹಾಕುವಾತ. ರಾಕ್‌ನವರ ಪ್ರೊಡ್ಯೂಸರ್ ಅಂದರೆ ನಮ್ಮ ಫೌಂಡ್ರಿಯ ಮೇಸ್ತ್ರಿ ಇದ್ದ ಹಾಗೆ. ಕರಗಿದ ಲೋಹದ ಬಣ್ಣ ನೋಡಿ “ಈಗ ಸುರೀರಿ” ಅನ್ನಬೇಕಾದವನು ಅವನು. ಇಂಥ ಮೇಸ್ತ್ರಿಗಳು ಆಕ್ಸಲ್‌ನ ಬಳಿ ಒಬ್ಬರ ಹಿಂದೆ ಒಬ್ಬರು ಬಂದರು. ಯೂತ್ ಬಂದ, ಶಾನ್ ಬೀವನ್ ಬಂದ. ಕ್ವೀನ್ ತಂಡದ ‘ಬೊಹೀಮಿಯನ್ ರಾಪ್ಸಡಿ’ ಮಾಡಿಸಿದ ರಾಯ್ ಥಾಮಸ್ ಬೇಕರ್ ಬಂದಾಗ ನನ್ನ ದೋಸ್ತ — ಸಿಎನ್‌ಸಿ ಲೇಥ್ ಮೇಲೆ ಇದ್ದವ — ಕುಣಿದಾಡಿದ. “ಈಗ ನೋಡ, ದನಿ ಮ್ಯಾಲ ದನಿ ಪೇರಿಸ್ತಾನ.” ಕಾರಣ ಗಟ್ಟಿಯಾಗಿತ್ತು, ಚಹಾ ನನ್ನ ತಲೆಗೆ ಬಂತು. ಆದರೆ ಬೇಕರನೂ ಕೊನೆತನಕ ಉಳಿಯಲಿಲ್ಲ.

ನಮ್ಮ ಹರಟೆಗೆ ಮೂರನೆಯವರು ಪ್ಯಾಟರ್ನ್ ಶಾಪಿನ ಕಾಕಾ. ರಾಕ್ ಸಂಗೀತಕ್ಕೆ ಅವರು ಇಟ್ಟ ಹೆಸರು ‘ಫೆಟ್ಲಿಂಗ್’: ಎರಕದ ಅಂಚಿಗೆ ಉಳಿದ ಹೆಚ್ಚುವರಿಯನ್ನು ಗ್ರೈಂಡರ್ ಹಿಡಿದು ಕೀಳುವಾಗ ಏಳುವ ಆ ಸದ್ದು. ಆದರೂ ದಿನಾ ಕೇಳುವವರು.

“ಏನಾತಪಾ ನಿಮ್ಮ ಅಮೇರಿಕಾದ್ದು? ಅಚ್ಚು ಬಿಚ್ಚಿದ್ರನು?”

“ಇನ್ನೂ ಇಲ್ಲ ಕಾಕಾ. ಡ್ರಮ್ ಹೊಳ್ಳಿ ಬಾರ್ಸಾಕತ್ತಾರಂತ.”

ನಿಜಕ್ಕೂ ಹಾಗೇ ನಡೆದಿತ್ತು. ಜಾಷ್ ಫ್ರೀಸ್ ಡ್ರಮ್ ಬಾರಿಸಿ ಹೋಗಿದ್ದ. ಅವನ ಜಾಗಕ್ಕೆ ಬಂದ ಬ್ರೇನ್ ಎಂಬಾತನಿಗೆ ಆಕ್ಸಲ್ ಅದನ್ನೇ, ಒಂದು ಪೆಟ್ಟೂ ಬಿಡದೆ ಮತ್ತೆ ಬಾರಿಸಲು ಹೇಳಿದನಂತೆ. ಇದಕ್ಕೆ ಕಾಕಾ ನಗಲಿಲ್ಲ. “ತಪ್ಪೇನೈತಿ? ಪ್ಯಾಟರ್ನ್ ಅದ, ಮರಳು ಬ್ಯಾರೆ” ಅಂದರು. ಬಕೆಟ್‌ಹೆಡ್ ಅನ್ನುವ ಗಿಟಾರಿಸ್ಟ್ ತಲೆಗೆ ಕೋಳಿ ಕೊಡುವ ಬಕೆಟ್ ಹಾಕಿಕೊಳ್ಳುತ್ತಾನೆ, ಅವನಿಗೆ ಸ್ಟುಡಿಯೋದೊಳಗೇ ಕೋಳಿಗೂಡು ಕಟ್ಟಿಸಿಕೊಟ್ಟಿದ್ದಾರಂತೆ ಅಂದಾಗ ಮಾತ್ರ ಅವರು ಚಹಾ ಬಶಿ ಕೆಳಗಿಟ್ಟು ನಮ್ಮ ಮುಖ ಒಂದು ಗಳಿಗೆ ನೋಡಿದರು.

ಕಾಕಾ ಒಂದು ದಿನ ನಮ್ಮ ಬಾಯಿ ಮುಚ್ಚಿಸಿದ್ದೂ ಉಂಟು. ಅವರ ದೇವರು ಕುಮಾರ ಗಂಧರ್ವ, ಇಲ್ಲೇ ನಮ್ಮ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದವರು. ಕ್ಷಯ ಬಂದು ದೇವಾಸದಲ್ಲಿ ಐದಾರು ವರ್ಷ ಹಾಡದೇ ಮಲಗಿದರು. 1953ರ ಹೊತ್ತಿಗೆ ಮತ್ತೆ ಹಾಡಲು ಕೂತಾಗ ಹಾಡಿಕೆಯೇ ಬೇರೆಯಾಗಿತ್ತು. “ಒಂದ ಶ್ವಾಸಕೋಶದಾಗ ಹಾಡ್ಯಾರ. ನಿಮ್ಮಾವಗ ಏನ ಬ್ಯಾನಿ?” ಅಂದರು ಕಾಕಾ. ನಮ್ಮಾವನಿಗೆ ಬೇನೆ ಏನೂ ಇರಲಿಲ್ಲ. ‘ನ್ಯೂಯಾರ್ಕ್ ಟೈಮ್ಸ್’ 2005ರಲ್ಲಿ ಬರೆದ ಪ್ರಕಾರ ಖರ್ಚು 1 ಕೋಟಿ 30 ಲಕ್ಷ ಡಾಲರ್ ಆಗಿತ್ತು. ಅವತ್ತು ಮೂರೂ ಚಹಾದ ರೊಕ್ಕ ನಾನೇ ಕೊಟ್ಟೆ.

2008ರ ಮಾರ್ಚಿನಲ್ಲಿ ಡಾಕ್ಟರ್ ಪೆಪ್ಪರ್ ಎಂಬ ಪಾನೀಯ ಕಂಪನಿ, ಈ ವರ್ಷದೊಳಗೆ ಆಲ್ಬಮ್ ಬಂದರೆ ಅಮೇರಿಕದ ಎಲ್ಲರಿಗೂ ಒಂದೊಂದು ಡಬ್ಬಿ ಪುಕ್ಕಟೆ ಅಂತ ಸಾರಿತು, ಸ್ಲ್ಯಾಷ್ ಮತ್ತು ಬಕೆಟ್‌ಹೆಡ್ ಇಬ್ಬರನ್ನು ಬಿಟ್ಟು. ಬಂದೇ ಬಿಟ್ಟಿತು! ನವೆಂಬರ್ 23, ಹಿಂದಿನ ಆಲ್ಬಮ್ ಬಂದ ತಾರೀಖೇ, ಸರಿಯಾಗಿ ಹದಿನೈದು ವರ್ಷಕ್ಕೆ. ಈ ತಾರೀಖನ್ನು ನಮ್ಮ ಮೂವರಲ್ಲಿ ಯಾರೂ ಊಹಿಸಿರಲಿಲ್ಲವಲ್ಲ ಅಂತ ನನಗೆ ಇವತ್ತಿಗೂ ಹೊಟ್ಟೆಯುರಿ.

ದೋಸ್ತ ಪುಣೆಯಿಂದ ಸಿಡಿ ತರಿಸಿದ. ಹಾಡು ಹಚ್ಚುವ ಮೊದಲು ನಾವು ಮಾಡಿದ ಕೆಲಸ ನೆನೆದರೆ ಈಗ ನಗು ಬರುತ್ತದೆ. ಅದರೊಳಗಿನ ಪುಟ್ಟ ಪುಸ್ತಿಕೆಯನ್ನು ಇನ್‌ಸ್ಪೆಕ್ಷನ್ ಮೇಜಿನ ಮೇಲೆ ಹರಡಿ, ಬಿರುಕು ಹುಡುಕುವ ಭೂತಗನ್ನಡಿ ಹಿಡಿದು ಓದಿದೆವು. ಇರುವೆ ಸಾಲಿನಂಥ ಅಕ್ಷರ. ಹಾಡು ಹಾಡಿಗೂ ಗಿಟಾರ್ ಯಾರು, ಡ್ರಮ್ ಯಾರು, ಜೋಡಿಸಿದವರು ಯಾರು. ಪ್ರೊಡ್ಯೂಸರ್ ಜಾಗದಲ್ಲಿ ಎರಡೇ ಹೆಸರು: ಆಕ್ಸಲ್ ರೋಸ್, ಕರಾಮ್ ಕೊಸ್ಟಾಂಜೊ. ಕರಾಮ್‌ನ ಹೆಸರನ್ನು ಒಂಬತ್ತು ವರ್ಷದಲ್ಲಿ ಒಬ್ಬರೂ ಎತ್ತಿರಲಿಲ್ಲ.

ಹಾಡು ಹದಿನಾಲ್ಕು. ‘ಬೆಟರ್’ ನನಗೆ ಈಗಲೂ ಇಷ್ಟ. ಕೆಲವು ಹಾಡುಗಳಿಗೆ ಮಾತ್ರ ಪದರ ಹೆಚ್ಚಾಗಿದೆ, ಉಜ್ಜಿ ಉಜ್ಜಿ ಅಳತೆ ಕಳಕೊಂಡ ಬುಷ್ಷಿನ ಹಾಗೆ. ನಾಲ್ಕು ದಿನ ಕೇಳಿದೆವು. ಐದನೇ ದಿನ ಚಹಾದಂಗಡಿಯಲ್ಲಿ ಮೂವರಿಗೂ ಮಾತೇ ಹುಟ್ಟಲಿಲ್ಲ. ಕಾಕಾ ತಾವಾಗೇ ಎದ್ದು ರೊಕ್ಕ ಕೊಟ್ಟರು.

2012ರ ಡಿಸೆಂಬರ್ 7ಕ್ಕೆ ಗನ್ಸ್ ಎನ್ ರೋಸಸ್ ತಂಡ ಬೆಂಗಳೂರಿಗೆ ಬಂದಾಗ ನಾನೂ ದೋಸ್ತನೂ ರಾತ್ರಿ ಬಸ್ ಹತ್ತಿ ಹೋಗಿದ್ದೆವು. ದಾರಿಯುದ್ದಕ್ಕೂ, ಹಾವೇರಿ ದಾಟುವ ತನಕ, ಇವತ್ತು ಯಾವ ಹಾಡಿಂದ ಸುರು ಮಾಡುತ್ತಾರೆ ಅಂತ ಜಗಳ. ಕಛೇರಿಗಿಂತ ನನಗೆ ಆ ಬಸ್ಸೇ ಹೆಚ್ಚು ನೆನಪಿದೆ.

ದೋಸ್ತ ಈಗ ಪುಣೆ ಹತ್ತಿರದ ಚಾಕಣದಲ್ಲಿದ್ದಾನೆ. ಕಾಕಾ ನಿವೃತ್ತರಾಗಿ ಖಾನಾಪುರದ ಕಡೆ ಊರು ಸೇರಿದರು. 2023ರಲ್ಲಿ ಗನ್ಸ್ ಎನ್ ರೋಸಸ್ ಎರಡು ಬಿಡಿ ಹಾಡು ಬಿಟ್ಟರು, ‘ಪರ್ಹ್ಯಾಪ್ಸ್’ ಮತ್ತು ‘ದ ಜನರಲ್’. ಎರಡರದ್ದೂ ಬೇರು ಆ ಹಳೇ ಕುಲುಮೆಯಲ್ಲೇ. ರಾತ್ರಿ ಹನ್ನೊಂದಕ್ಕೆ ಫೋನಿಗೆ ದೋಸ್ತನ ಮೆಸೇಜು ಬಂತು: “ಹಳೇ ಕಾಸ್ಟಿಂಗ್, ಹೊಸಾ ಮಷಿನಿಂಗ್. ಡ್ರಮ್ ಯಾರದು ಹೇಳ.”

“ಬ್ರೇನ್‌ನ ಇರಬೇಕು” ಅಂತ ಬರೆದೆ.

“ಕಾರಣ?”

ಇಯರ್‌ಫೋನ್ ಹುಡುಕಿ ಕಿವಿಗೆ ಸಿಕ್ಕಿಸಿಕೊಂಡು ಮತ್ತೆ ಮೊದಲಿಂದ ಹಚ್ಚಿದೆ.